ಅಡಿಕೆ ಟ್ರಾಲಿಗೆ ಹಳಿ ಹಾಕುವುದು ಹೇಗೆ? ಅಂಗಳದಿಂದ ಮಾಡಿನೊಳಗೆ ಕುಲುಕದೆ ಓಡಬೇಕಾದರೆ

ಕೊಯ್ಲು ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ಅಡಿಕೆ ಒಣಗಿಸಲು ಟ್ರಾಲಿ ಮಾಡಿಸಿದ್ದೇವೆ. ಖಾಲಿ ಇದ್ದಾಗ ಒಂದೇ ಕೈಯಲ್ಲಿ ತಳ್ಳಬಹುದು. ಅಡಿಕೆ ಹರಡಿದ ಮೇಲೆ ನಾಲ್ಕು ಜನ ನಿಂತರೂ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಕ್ರ ಬದಲಾಯಿಸಬೇಕಾ?"

ಚಕ್ರಕ್ಕೆ ಕೈ ಹಾಕಬೇಡಿ. ನಾನು ನೋಡಿದ ಹೆಚ್ಚಿನ ಕಡೆ ತಪ್ಪು ಇರುವುದು ಹಳಿಯಲ್ಲಿ. ಟ್ರಾಲಿಗೆ ಹದಿನೈದು ದಿನ ತಲೆ ಕೆಡಿಸಿಕೊಂಡವರು ಹಳಿಯನ್ನು ಒಂದು ಸಂಜೆಯಲ್ಲಿ ಮುಗಿಸಿರುತ್ತಾರೆ. ವೆಲ್ಡರ್ ಬಂದ, ಎರಡು ಕಬ್ಬಿಣ ಇಟ್ಟ, ಮೇಸ್ತ್ರಿ ಸಿಮೆಂಟು ಮೆತ್ತಿದ, ಕೆಲಸ ಆಯಿತು. ಮುಂದಿನ ಹತ್ತು ವರ್ಷ ತಳ್ಳುವವರು ಮಾತ್ರ ನೀವು.

ಉಡುಪಿ, ಮಂಗಳೂರು ಕಡೆಯ ತೋಟದ ಮನೆಗಳಲ್ಲಿ ಈ ಟ್ರಾಲಿ ಯಾಕೆ ಬೇಕಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಚಾಲಿ (ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ಆಗಲು ಹಣ್ಣಡಿಕೆಗೆ 40ರಿಂದ 45 ದಿನ ಬಿಸಿಲು ಬೇಕು. ಅಷ್ಟರಲ್ಲಿ ಒಂದಾದರೂ ಅಕಾಲದ ಮಳೆ ಬಂದೇ ಬರುತ್ತದೆ. ಟಾರ್ಪಲ್ ಮುಚ್ಚಲು ಓಡುವ ಬದಲು ಅಡಿಕೆಯನ್ನೇ ಮಾಡಿನ, ಅಂದರೆ ಚಾವಣಿಯ ಕೆಳಗೆ ತಳ್ಳಿಬಿಡುವುದು ಸುಲಭ. ಆದರೆ ಅದು ಐದು ನಿಮಿಷದಲ್ಲಿ ಆಗಬೇಕು, ಇಬ್ಬರಿಂದ ಆಗಬೇಕು. ಇಲ್ಲಿ ಹೇಳುವುದು ಸುಮಾರು 12 ಮೀಟರ್ ಉದ್ದದ ಹಳಿ, ಒಂದು ಟನ್ ಒಳಗಿನ ಟ್ರಾಲಿಗೆ. ಗೇರುಬೀಜ, ಕೊಬ್ಬರಿ, ಕಾಳುಮೆಣಸು ಒಣಗಿಸುವವರಿಗೂ ಲೆಕ್ಕ ಇದೇ.

ಬೇಕಾಗುವ ಸಾಮಾನು: ಎಲ್ ಆಕಾರದ ಕಬ್ಬಿಣ ಅಂದರೆ ಆ್ಯಂಗಲ್, ಅಗಲ ಪಟ್ಟಿ ಅಂದರೆ ಫ್ಲ್ಯಾಟ್, 12 ಮಿ.ಮೀ. ಬೋಲ್ಟ್ ಮತ್ತು ಒಂದೊಂದಕ್ಕೆ ಎರಡೆರಡು ನಟ್, ಸಣ್ಣ ಜಲ್ಲಿ, ಸಿಮೆಂಟು, ಕಬ್ಬಿಣದ ಸರಳು, ಸ್ಪಿರಿಟ್ ಲೆವೆಲ್, ನೂಲು, 15 ಮೀಟರ್ ಪಾರದರ್ಶಕ ಪೈಪು. ಪೈಪನ್ನು ಮರೆಯಬೇಡಿ. ಇಡೀ ಕೆಲಸದ ಅತಿ ಅಗ್ಗದ ಸಾಮಾನು ಅದು, ಕೆಲಸ ಉಳಿಸುವುದೂ ಅದೇ.

1. ಮೊದಲು ಭಾರ ತಿಳಿಯಿರಿ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ನೀವು ದಿನಾ ಹರಡುವಷ್ಟೇ ದಪ್ಪಕ್ಕೆ ಹಣ್ಣಡಿಕೆ ಹರಡಿ. ಅದನ್ನು ಚೀಲಕ್ಕೆ ತುಂಬಿ ತೂಗಿ. ಪಕ್ಕದ ಮನೆಯವರ ಲೆಕ್ಕ ಕೇಳಬೇಡಿ, ಅವರು ಹರಡುವ ದಪ್ಪ ಬೇರೆ. ಉದಾಹರಣೆಗೆ 25 ಕೆಜಿ ಬಂತು ಎಂದಿಟ್ಟುಕೊಳ್ಳೋಣ. ಟ್ರಾಲಿ 6 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ 18 ಚದರ ಮೀಟರ್, ಅಂದರೆ 450 ಕೆಜಿ ಅಡಿಕೆ. ಟ್ರಾಲಿಯ ಕಬ್ಬಿಣ ಮತ್ತು ಜಾಲರಿ 200 ಕೆಜಿ. ಅಡಿಕೆ ಮಗುಚಲು ಇಬ್ಬರು ಹತ್ತಿಯೇ ಹತ್ತುತ್ತಾರೆ, ಅವರದ್ದು 150. ಒಟ್ಟು 800 ಕೆಜಿ.

ಚಕ್ರ ನಾಲ್ಕು ಇದೆ, ಹಾಗಾಗಿ ಒಂದೊಂದಕ್ಕೆ 200 ಕೆಜಿ ಎಂದು ಭಾಗಿಸಿದರೆ ಮೊದಲ ತಪ್ಪು ಅಲ್ಲೇ ಆಯಿತು. ಮನೆಯ ಬೆಂಚು ನೋಡಿದ್ದೀರಲ್ವಾ, ನೆಲ ಸ್ವಲ್ಪ ಏರುಪೇರಿದ್ದರೆ ಒಂದು ಕಾಲು ಗಾಳಿಯಲ್ಲಿರುತ್ತದೆ. ಗಟ್ಟಿ ಫ್ರೇಮಿನ ಟ್ರಾಲಿಯೂ ಹಾಗೇ. ಹಳಿ ಎಲ್ಲೋ 3 ಮಿ.ಮೀ. ತಗ್ಗಿದರೆ ಒಂದು ಚಕ್ರ ತೇಲುತ್ತದೆ. ಆಗ ಎದುರುಬದುರು ಮೂಲೆಯ ಎರಡೇ ಚಕ್ರ ಹೆಚ್ಚುಕಡಿಮೆ ಪೂರ್ತಿ ಭಾರ ಹೊರುತ್ತವೆ. ಆದ್ದರಿಂದ ಹಳಿ, ಚಕ್ರ, ಬೇರಿಂಗ್ ಎಲ್ಲವನ್ನೂ ಚಕ್ರಕ್ಕೆ 400 ಕೆಜಿ ಎಂದು ಆರಿಸಿ.

ಹಾಗಾದರೆ ಆರು ಚಕ್ರ ಹಾಕೋಣ ಎನ್ನುತ್ತಾರೆ ಕೆಲವರು. ಬೇಡ. ಗಟ್ಟಿ ಫ್ರೇಮಿಗೆ ಚಕ್ರ ಜಾಸ್ತಿ ಆದಷ್ಟೂ ತೇಲುವ ಚಕ್ರ ಜಾಸ್ತಿ ಆಗುತ್ತದೆ.

2. ಒಂದು ಹಳಿ ದಾರಿ ತೋರಿಸಲಿ, ಇನ್ನೊಂದು ಭಾರ ಮಾತ್ರ ಹೊರಲಿ

ಈ ಹಂತವನ್ನು ಎರಡು ಸಲ ಓದಿ.

ಹೆಚ್ಚಿನವರು ಮಾಡುವುದು ಹೀಗೆ: ಎರಡೂ ಬದಿಗೆ ಆ್ಯಂಗಲನ್ನು ಬೋರಲು ಹಾಕಿ, ಚೂಪು ಮೇಲೆ ಬರುವಂತೆ ಇಡುತ್ತಾರೆ. ನಾಲ್ಕೂ ಚಕ್ರ ತೋಡಿನವು, ಅಂದರೆ ಸುತ್ತಲೂ ಕಾಲುವೆಯ ಹಾಗೆ ಕೊರೆದವು. ಸ್ಲೈಡಿಂಗ್ ಗೇಟಿಗೆ ಹಾಕುತ್ತಾರಲ್ಲ, ಆ ವಿ ತೋಡಿನ ಚಕ್ರ. ನೋಡಲು ಚೆಂದ. ಆದರೆ ಈಗ ಎರಡೂ ಹಳಿ ಟ್ರಾಲಿಯನ್ನು ಬಿಗಿಯಾಗಿ ಹಿಡಿದಿವೆ. 12 ಮೀಟರ್ ಉದ್ದಕ್ಕೂ ಹಳಿಗಳ ನಡುವಿನ ಅಗಲದ ವ್ಯತ್ಯಾಸ ಒಂದೆರಡು ಮಿ.ಮೀ. ಒಳಗೇ ಇರಬೇಕು. ಒಂದು ಜಾಗದಲ್ಲಿ 5 ಮಿ.ಮೀ. ಹೆಚ್ಚಾದರೂ ಚಕ್ರ ಆ್ಯಂಗಲಿನ ಓರೆ ಹತ್ತಲು ನೋಡುತ್ತದೆ. ಖಾಲಿ ಟ್ರಾಲಿ ಹತ್ತಿ ಇಳಿದು ಹೋಗಿಬಿಡುತ್ತದೆ. ತುಂಬಿದ ಟ್ರಾಲಿ ಸಿಕ್ಕಿಕೊಳ್ಳುತ್ತದೆ. ಮೇಲಿನ ಪ್ರಶ್ನೆಗೆ ಉತ್ತರ ಇದೇ.

ನಮ್ಮ ಅಂಗಳದಲ್ಲಿ, ಮೇಸ್ತ್ರಿಯ ಕೈಯಲ್ಲಿ, 12 ಮೀಟರ್ ಉದ್ದಕ್ಕೆ 2 ಮಿ.ಮೀ. ಹಿಡಿಯುವುದು ಆಗದ ಮಾತು. ಅದಕ್ಕೆ ಒಂದು ಬದಿಗೆ ಮಾತ್ರ ಬೋರಲು ಆ್ಯಂಗಲ್ ಮತ್ತು ತೋಡಿನ ಚಕ್ರ ಹಾಕಿ. ಇದು ದಾರಿ ತೋರಿಸುವ ಹಳಿ. ಇನ್ನೊಂದು ಬದಿಗೆ 65 ಮಿ.ಮೀ. ಅಗಲದ ಫ್ಲ್ಯಾಟ್ ಪಟ್ಟಿ, ಅದರ ಮೇಲೆ ತೋಡಿಲ್ಲದ, ಸಪಾಟಾದ 40 ಮಿ.ಮೀ. ಅಗಲದ ಚಕ್ರ. ಇದು ಭಾರ ಹೊರುವ ಹಳಿ. ಅಗಲ 10 ಮಿ.ಮೀ. ಆಚೀಚೆ ಆದರೂ ಸಪಾಟು ಚಕ್ರ ಪಟ್ಟಿಯ ಮೇಲೆ ಅತ್ತಿತ್ತ ಸರಿದುಕೊಂಡು ಹೋಗುತ್ತದೆ. ನಾನು ಮೊದಮೊದಲು ಹಾಕಿದ ಎರಡು ಹಳಿ ಎರಡೂ ಬದಿ ತೋಡಿನವೇ. ಎರಡನ್ನೂ ಆಮೇಲೆ ನಾನೇ ಹೋಗಿ ಒಂದು ಬದಿ ಕಿತ್ತೆ.

"ರೈಲಿಗೆ ಎರಡೂ ಬದಿ ಒಂದೇ ಥರ ಇದೆಯಲ್ಲ?" ಎಂದು ಕೇಳುತ್ತೀರಿ. ಇದೆ. ಉಡುಪಿಯ ಇಂದ್ರಾಳಿ ರೈಲು ಸ್ಟೇಷನ್ನಿನಲ್ಲಿ ನಿಂತು ನೋಡಿ, ಅಲ್ಲಿನ ಬ್ರಾಡ್‌ಗೇಜ್ ಹಳಿ ಒಳಮೈಯಿಂದ ಒಳಮೈಗೆ 1676 ಮಿ.ಮೀ. ಆದರೆ ರೈಲಿನ ಚಕ್ರ ಹಳಿಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವುದಿಲ್ಲ. ಒಳಬದಿಗೆ ಮಾತ್ರ ಒಂದು ಅಂಚು ಇರುತ್ತದೆ, ಅದಕ್ಕೂ ಹಳಿಗೂ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಚಕ್ರದ ಮೈ ಸ್ವಲ್ಪ ಓರೆ, ಹಾಗಾಗಿ ಪಕ್ಕಕ್ಕೆ ಸರಿದರೂ ತಾನೇ ನಡುವಿಗೆ ಬರುತ್ತದೆ. ಗೇಟಿನ ಚಕ್ರಕ್ಕೆ ಆ ಗುಣ ಇಲ್ಲ.

ಯಾವ ಕಬ್ಬಿಣ? ದಾರಿ ಹಳಿಗೆ 50 × 50 × 6 ಆ್ಯಂಗಲ್ ಸಾಕು. ಮೀಟರಿಗೆ 4.5 ಕೆಜಿ ತೂಗಬೇಕು, ಅಂದರೆ 6 ಮೀಟರಿನ ಒಂದು ಉದ್ದಕ್ಕೆ 27 ಕೆಜಿ. ಅಂಗಡಿಯಲ್ಲಿ ತೂಗಿಸಿ ನೋಡಿ. 22 ಕೆಜಿ ಬಂದರೆ ಅದು 6 ಮಿ.ಮೀ. ದಪ್ಪದ್ದಲ್ಲ. ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿ, ನೆಟ್ಟಗಿರುವುದನ್ನೇ ಆರಿಸಿ. ಬಾಗಿದ್ದನ್ನು "ವೆಲ್ಡ್ ಮಾಡುವಾಗ ಸರಿ ಮಾಡುವ" ಎಂದರೆ ಒಪ್ಪಬೇಡಿ. ಪಟ್ಟಿ 10 ಮಿ.ಮೀ. ದಪ್ಪ ಇರಲಿ.

ಬೇರೆ ಎರಡು ದಾರಿಗಳ ಬಗ್ಗೆಯೂ ಕೇಳುತ್ತೀರಿ. ಪಟ್ಟಿಯ ಮೇಲೆ 20 ಮಿ.ಮೀ. ದುಂಡು ಸರಳು ಬೆಸೆದು, ಅದರ ಮೇಲೆ ಅರ್ಧವೃತ್ತದ ತೋಡಿನ ಚಕ್ರ ಓಡಿಸುವುದು ಒಂದು. ಓಟ ಚೆನ್ನಾಗಿಯೇ ಇರುತ್ತದೆ. ಆದರೆ ಸರಳಿನ ಅಡಿಯ ಸಂದಿಯಲ್ಲಿ ನೀರು ಕೂತು ತುಕ್ಕು ತಿನ್ನುತ್ತದೆ. ಕಡಲ ಗಾಳಿ ಬೀಸುವ ಊರಿಗೆ ಇದು ನನಗೆ ಇಷ್ಟವಿಲ್ಲ. ಇನ್ನೊಂದು, ಸಿ ಚಾನೆಲನ್ನು ಬಾಯಿ ಮೇಲೆ ಮಾಡಿ ಇಟ್ಟು ಅದರೊಳಗೆ ಚಕ್ರ ಓಡಿಸುವುದು. ಇದನ್ನು ಮಾಡಲೇಬೇಡಿ. ಅದು ಹಳಿ ಅಲ್ಲ, ಚರಂಡಿ. ಮಳೆ ನೀರು, ತರಗೆಲೆ, ಅಡಿಕೆ ಸಿಪ್ಪೆ, ಕೋಳಿ ಕೆದಕಿದ ಮಣ್ಣು ಎಲ್ಲ ಅದರಲ್ಲೇ. ಒಂದೇ ಒಂದು ಗೋಟಡಿಕೆ ಒಳಗೆ ಬಿದ್ದರೂ ಟ್ರಾಲಿ ನಿಂತಿತು.

3. ಅಗಲ ಮತ್ತು ಉದ್ದದ ಹೊಂದಿಕೆ

ಅಗಲವಾದ ಮೇಜಿನ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆಯಿರಿ. ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಕಿರಿದಾದ, ಉದ್ದದ ಡ್ರಾಯರ್ ಹಾಗೆ ಮಾಡುವುದಿಲ್ಲ. ಟ್ರಾಲಿಗೂ ಅದೇ ನಿಯಮ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಎರಡು ಹಳಿಗಳ ನಡುವಿನ ಅಗಲಕ್ಕಿಂತ ಕಡಿಮೆ ಇರಬಾರದು. ಒಂದೂವರೆ ಪಾಲು ಇದ್ದರೆ ಒಳ್ಳೆಯದು. ನಮ್ಮ 6 × 3 ಮೀಟರ್ ಟ್ರಾಲಿಗೆ ಹಳಿಗಳ ನಡುವೆ 2.4 ಮೀಟರ್, ಚಕ್ರಗಳ ನಡುವೆ 4 ಮೀಟರ್ ಇಡಿ. ಜಾಗದ ಕೊರತೆಯಿಂದ ಟ್ರಾಲಿ ಅಡ್ಡ ಅಗಲವೇ ಆಗಬೇಕಾದರೆ ತಳ್ಳುವ ಹಿಡಿ ನಡುವಿನಲ್ಲಿ ಇರಲಿ.

4. ಅಂಗಳದ ಅಡಿಯಲ್ಲಿ ಏನಿದೆ?

ನಮ್ಮೂರ ಮಣ್ಣು ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಇದ್ದರೆ ನಿಮ್ಮ ಅದೃಷ್ಟ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಬಹುದು. ಮುರಕಲ್ಲಿನ ಪದರದ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಗುಡ್ಡ ತಟ್ಟು ಮಾಡಿ ಅಂಗಳ ಮಾಡಿದ ಕಡೆ ಅದು ಮೇಲೆಯೇ ಬಂದಿರುತ್ತದೆ. ಒಣಗಿದಾಗ ಕಲ್ಲಿನ ಹಾಗಿರುವ ಈ ಮಣ್ಣು ನೀರು ಕುಡಿದರೆ ಮೆತ್ತಗಾಗುತ್ತದೆ. ಏಪ್ರಿಲಿನಲ್ಲಿ ಹಾರೆಗೆ ಬಗ್ಗದ ನೆಲ ಜುಲೈಯಲ್ಲಿ ಕಾಲಿನಡಿ ಕುಸಿಯುವುದು ಇದರಿಂದಲೇ.

ಇನ್ನೂ ಕಷ್ಟ ಎಂದರೆ ಅರ್ಧ ಕಡಿದ, ಅರ್ಧ ತುಂಬಿಸಿದ ಅಂಗಳ. ಗುಡ್ಡದ ಬದಿ ಗಟ್ಟಿ, ತೋಟದ ಬದಿ ತುಂಬಿದ ಮಣ್ಣು. ಹಳಿ ಎರಡರ ಮೇಲೂ ಹಾದು ಹೋದರೆ ಮೊದಲ ಮಳೆಗಾಲದಲ್ಲೇ ತುಂಬಿದ ಬದಿ ಇಳಿಯುತ್ತದೆ. ತುಂಬಿದ ಮಣ್ಣಿಗೆ ಎರಡು ಮಳೆಗಾಲ ಕೊಟ್ಟು ಆಮೇಲೆ ಹಳಿ ಹಾಕಿ. ಕಾಯಲು ಆಗದಿದ್ದರೆ ಆ ಭಾಗದಲ್ಲಿ ಗಟ್ಟಿ ನೆಲ ಸಿಗುವವರೆಗೆ ತೋಡಿ, ಮುರಕಲ್ಲಿನ ಕಂಬ ಎಬ್ಬಿಸಿ, ಅದರ ಮೇಲೆ ತೊಲೆ ಕೂರಿಸಿ. ಎರಡು ಮೀಟರಿಗಿಂತ ಆಳ ತುಂಬಿಸಿದ್ದರೆ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದು ತೋರಿಸಿ, ಅದರಲ್ಲಿ ಕಂಜೂಸಿ ಬೇಡ.

5. ಕಾಂಕ್ರೀಟ್ ಪಟ್ಟಿ

ಬೋರಲು ಹಾಕಿದ ಆ್ಯಂಗಲ್ ನೋಡಲು ಗಟ್ಟಿ. ಆದರೆ ಆ ಭಂಗಿಯಲ್ಲಿ ಮೇಲಿಂದ ಬೀಳುವ ಭಾರಕ್ಕೆ ಅದು ತೀರಾ ದುರ್ಬಲ. ಎರಡು ಕಲ್ಲುಗಳ ನಡುವೆ ಒಂದು ಮೀಟರ್ ಅಂತರ ಬಿಟ್ಟು ಇಟ್ಟರೆ, ನಡುವಿಗೆ ಬಂದ 400 ಕೆಜಿ ಚಕ್ರ ಅದನ್ನು ಸುಮಾರು 8 ಮಿ.ಮೀ. ಬಗ್ಗಿಸುತ್ತದೆ. ಅಷ್ಟೇ ಆದರೆ ಪರವಾಗಿಲ್ಲ, ಸಾಮಾನ್ಯ ಕಬ್ಬಿಣ ಆ ಭಾರಕ್ಕೆ ಬಗ್ಗಿದ್ದು ಹಾಗೇ ಉಳಿದುಬಿಡುತ್ತದೆ. ಅಂತರ ಅರ್ಧ ಮೀಟರ್ ಮಾಡಿದರೆ ಬಾಗು 1 ಮಿ.ಮೀ.ಗೆ ಇಳಿಯುತ್ತದೆ. ಅಂತರ ಅರ್ಧ, ಬಾಗು ಎಂಟನೇ ಒಂದು ಪಾಲು. ಹಾಗಾಗಿ ಆಧಾರ ಅರ್ಧ ಮೀಟರಿಗೊಂದು ಇರಲಿ, ಆಮೇಲೆ ನಡುವಿನ ಖಾಲಿ ಜಾಗವನ್ನೂ ತುಂಬಿಸೋಣ.

ಒಂದೊಂದು ಹಳಿಯ ಕೆಳಗೂ 9 ಇಂಚು ಅಗಲ, 8 ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ ಹಾಕಿ. ಒಳಗೆ ಮೇಲೆ ಎರಡು, ಕೆಳಗೆ ಎರಡು 10 ಮಿ.ಮೀ. ಸರಳು, 20 ಸೆಂ.ಮೀ.ಗೊಂದು 8 ಮಿ.ಮೀ. ರಿಂಗ್. ಕಾಂಕ್ರೀಟ್ ಹಸಿ ಇರುವಾಗಲೇ ಅರ್ಧ ಮೀಟರಿಗೊಂದು ಜೋಡಿ ಬೋಲ್ಟ್ ನೆಡಿ. ಬೋಲ್ಟಿನ ಬುಡ ಕೊಕ್ಕೆಯ ಹಾಗೆ ಬಾಗಿರಲಿ, ಮೇಲೆ 8 ಸೆಂ.ಮೀ. ಹೊರಗೆ ಕಾಣಲಿ. ಜೋಡಿಯ ನಡುವಿನ ದೂರ ಬದಲಾಗದಂತೆ ಒಂದು ಹಲಗೆಗೆ ತೂತು ಹಾಕಿ ಅದರಲ್ಲಿ ತೂರಿಸಿ ನೆಡಿ. ಕಾಂಕ್ರೀಟಿನ ಮೇಲ್ಮೈ ಒರಟಾಗಿಯೇ ಇರಲಿ. ಮೇಸ್ತ್ರಿ ಚಟಕ್ಕೆ ಬಿದ್ದು ಕರಣೆಯಲ್ಲಿ ನುಣುಪು ಮಾಡುತ್ತಾರೆ, ತಡೆಯಿರಿ. ಒಂದು ವಾರ ದಿನಾ ನೀರು ಹಾಕಿ.

ಇಲ್ಲಿ ಒಂದು ಎಚ್ಚರಿಕೆ. ಪಟ್ಟಿ ಅಂಗಳದಿಂದ 5 ಸೆಂ.ಮೀ. ಎತ್ತರ ಇದ್ದರೆ ಹಳಿಗೆ ಒಳ್ಳೆಯದು, ಆದರೆ ಅಂಗಳಕ್ಕೆ ಅದು ಕಟ್ಟ ಹಾಕಿದ ಹಾಗೆ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿ.ಮೀ. ಮಳೆ ಸುರಿಯುವ ಕಡೆ ನೀರಿಗೆ ದಾರಿ ಬಿಡದಿದ್ದರೆ ಅದು ಮನೆಯ ಬಾಗಿಲಿಗೇ ಬರುತ್ತದೆ. ಎರಡು ಮೀಟರಿಗೊಂದು ಎರಡಿಂಚಿನ ಪೈಪು ಅಡ್ಡಕ್ಕೆ ಹುದುಗಿಸಿ.

6. ಲೆವೆಲ್ ಹಿಡಿಯುವುದು

ಅಂಗಳಕ್ಕೆ ಇಳಿಜಾರು ಇರಬೇಕು, ನೀರು ಹರಿದು ಹೋಗಲು. ಹಳಿಗೆ ಇಳಿಜಾರು ಇರಬಾರದು. ಇವೆರಡನ್ನು ಗೊಂದಲ ಮಾಡಿಕೊಂಡು ಅಂಗಳದ ಮೇಲೆಯೇ ಹಳಿ ಮಲಗಿಸುವವರೇ ಜಾಸ್ತಿ. 100ಕ್ಕೆ 1ರಂತೆ ಇಳಿಜಾರಿರುವ ಅಂಗಳ 12 ಮೀಟರಿನಲ್ಲಿ 12 ಸೆಂ.ಮೀ. ಇಳಿಯುತ್ತದೆ. ಆ ತುದಿಯಲ್ಲಿ ಕಾಂಕ್ರೀಟ್ ಪಟ್ಟಿ ಅಷ್ಟು ಎತ್ತರ ಏಳಲೇಬೇಕು.

"ಮಾಡಿನ ಕಡೆಗೆ ಸ್ವಲ್ಪ ಇಳಿಜಾರು ಕೊಡಿ, ಮಳೆ ಬಂದಾಗ ತಾನೇ ಒಳಗೆ ಓಡಲಿ" ಎಂದು ಕೇಳದವರಿಲ್ಲ. 800 ಕೆಜಿ ಟ್ರಾಲಿಗೆ 100ಕ್ಕೆ 1ರ ಇಳಿಜಾರು ಕೊಟ್ಟರೆ 8 ಕೆಜಿ ಎಳೆತ ಸದಾ ಇರುತ್ತದೆ. 50ಕ್ಕೆ 1 ಕೊಟ್ಟರೆ 16 ಕೆಜಿ. ಬೆಳಿಗ್ಗೆ ಹೊರಗೆ ತಳ್ಳುವಾಗ ಅಷ್ಟನ್ನೂ ನೀವು ಎದುರು ತಳ್ಳಬೇಕು, ಅದೂ 45 ದಿನ. ಇನ್ನು ಒಳಗೆ ಓಡುವಾಗ ಅದನ್ನು ನಿಲ್ಲಿಸುವವರು ಯಾರು? ಮುಂದೆ ಮಗು ನಿಂತಿದ್ದರೆ? ಹಳಿ ಮಟ್ಟವಾಗಿಯೇ ಇರಲಿ.

ಮಟ್ಟ ಹಿಡಿಯಲು ನೀರಿನ ಪೈಪೇ ಸಾಕು. ಲೇಸರ್ ಲೆವೆಲ್ ಇದ್ದರೆ ಬಳಸಿ, ಆದರೆ ಬಿಸಿಲಿನಲ್ಲಿ ಅದರ ಗೆರೆ ಕಾಣುವುದಿಲ್ಲ, ಮುಸ್ಸಂಜೆಗೆ ಕಾಯಬೇಕು. ಪೈಪಿಗೆ ನೀರು ತುಂಬಿಸಿ, ಒಳಗೆ ಒಂದೂ ಗಾಳಿಗುಳ್ಳೆ ಇರದಂತೆ ನೋಡಿಕೊಳ್ಳಿ. ಎರಡೂ ತುದಿಯನ್ನು ಪಕ್ಕಪಕ್ಕ ಹಿಡಿದಾಗ ನೀರು ಒಂದೇ ಮಟ್ಟದಲ್ಲಿ ಇರಬೇಕು. ಇಲ್ಲದಿದ್ದರೆ ಗುಳ್ಳೆ ಇದೆ ಎಂದರ್ಥ. ಅರ್ಧ ಪೈಪು ಬಿಸಿಲಿನಲ್ಲಿ, ಅರ್ಧ ನೆರಳಿನಲ್ಲಿ ಬಿದ್ದರೂ ಮಟ್ಟ ತಪ್ಪುತ್ತದೆ. ಬೆಳಿಗ್ಗೆ ಎಂಟರೊಳಗೆ ಈ ಕೆಲಸ ಮುಗಿಸಿ. ನೀರಿನ ಮೇಲ್ಮೈ ಪೈಪಿನ ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿರುತ್ತದೆ. ಅದನ್ನು ನೋಡದೆ ನಡುವಿನ ತಗ್ಗನ್ನೇ ಗುರುತಿಸಿ.

ಈಗ ಬೋಲ್ಟಿಗೆ ಮೊದಲು ಒಂದು ನಟ್ ಹಾಕಿ. ಅದರ ಮೇಲೆ 8 ಮಿ.ಮೀ. ದಪ್ಪದ ಅಂಗೈ ಅಗಲದ ಪ್ಲೇಟ್. ಪ್ಲೇಟಿನ ಮೇಲೆ ಇನ್ನೊಂದು ನಟ್. ಕೆಳಗಿನ ನಟ್ ತಿರುಗಿಸಿದರೆ ಪ್ಲೇಟ್ ಏರುತ್ತದೆ, ಇಳಿಯುತ್ತದೆ. ಮೇಲಿನದು ಬಿಗಿ ಹಿಡಿಯುತ್ತದೆ. ಪ್ಲೇಟಿನ ತೂತು ದುಂಡಗೆ ಬೇಡ, ಸ್ವಲ್ಪ ಉದ್ದಕ್ಕಿರಲಿ, ಅಡ್ಡ ಸರಿಸಲು ಬೇಕಾಗುತ್ತದೆ. ಈ ಎರಡು ನಟ್ಟಿನ ಉಪಾಯ ಇದ್ದರೆ ಮೇಸ್ತ್ರಿಯ ಕಾಂಕ್ರೀಟ್ 10 ಮಿ.ಮೀ. ಏರುಪೇರಾಗಿದ್ದರೂ ನಿಮ್ಮ ಹಳಿ 1 ಮಿ.ಮೀ.ಗೆ ಕೂರುತ್ತದೆ.

ನೆಟ್ಟಗೆ ಇಡಬೇಕಾದದ್ದು ದಾರಿ ಹಳಿಯನ್ನು. ಎರಡು ತುದಿಗೆ ನೂಲು ಬಿಗಿದು ಅದರ ಗುಂಟ ಕೂರಿಸಿ. ಫ್ಲ್ಯಾಟ್ ಪಟ್ಟಿ ಅಷ್ಟು ನೆಟ್ಟಗೆ ಬೇಕಾಗಿಲ್ಲ, ಆದರೆ ಎತ್ತರ ಸರಿ ಇರಲೇಬೇಕು. ಇಲ್ಲಿ ಒಂದು ಮೋಸ ಇದೆ. ಆ್ಯಂಗಲಿನ ಚೂಪು ತುದಿಯನ್ನೂ ಪಟ್ಟಿಯ ಮೇಲ್ಮೈಯನ್ನೂ ಒಂದೇ ಮಟ್ಟಕ್ಕೆ ತಂದರೆ ಟ್ರಾಲಿ ಓರೆಯಾಗುತ್ತದೆ. ತೋಡಿನ ಚಕ್ರ ಚೂಪಿನ ಮೇಲೆ ಕೂರುವುದಿಲ್ಲ, ಎರಡು ಓರೆ ಮೈಗಳ ಮೇಲೆ ಕೂರುತ್ತದೆ. ಚೂಪು ತೋಡಿನೊಳಗೆ ಹೋಗಿರುತ್ತದೆ.

ಲೆಕ್ಕ ಹಾಕುತ್ತಾ ಕೂರುವ ಬದಲು ಒಂದು ಗೇಜ್ ಕೋಲು ಮಾಡಿ. 2.4 ಮೀಟರಿನ ಬಾಗದ ಚೌಕ ಪೈಪು, ಒಂದು ತುದಿಗೆ ನೀವು ಹಾಕಲಿರುವ ತೋಡಿನ ಚಕ್ರ, ಇನ್ನೊಂದು ತುದಿಗೆ ಸಪಾಟು ಚಕ್ರ, ನಡುವೆ ಸ್ಪಿರಿಟ್ ಲೆವೆಲ್ ಕಟ್ಟಿ. ಇದನ್ನು ಹಳಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಉರುಳಿಸಿ. ಗುಳ್ಳೆ ಎಲ್ಲಿ ಸರಿಯುತ್ತದೋ ಅಲ್ಲಿನ ನಟ್ ತಿರುಗಿಸಿ. ಎದುರುಬದುರು ವ್ಯತ್ಯಾಸ 2 ಮಿ.ಮೀ. ಒಳಗೆ ತನ್ನಿ. ಈ ಕೋಲನ್ನು ಎಸೆಯಬೇಡಿ, ಪ್ರತಿ ವರ್ಷ ಬೇಕಾಗುತ್ತದೆ.

ಎಲ್ಲ ಸರಿ ಎನಿಸಿದ ಮೇಲೂ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಉರುಳಿಸಿ ನೋಡಿ. ಆಮೇಲೆ ಹಳಿಯ ಅಡಿಯ ಸಂದಿಗೆ ಸಿಮೆಂಟು, ಮರಳು, ಸಣ್ಣ ಜಲ್ಲಿಯ ಗಟ್ಟಿ ಮಿಶ್ರಣ ತುರುಕಿ, ಕೋಲಿನಿಂದ ಕುಟ್ಟಿ. ಆ್ಯಂಗಲಿನ ಹೊಟ್ಟೆಯೊಳಗೂ ತುಂಬಬೇಕು. ಖಾಲಿ ಬಿಟ್ಟರೆ ಅಲ್ಲಿ ನೀರು ನಿಂತು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವುದೇ ಇಲ್ಲ. ನೀರು ನೀರಾದ ಸಿಮೆಂಟು ಸುರಿದರೆ ಒಣಗಿದಾಗ ಕುಗ್ಗಿ ಮತ್ತೆ ಸಂದಿ ಬೀಳುತ್ತದೆ.

7. ಬೆಸುಗೆ ಮತ್ತು ಜೋಡಣೆ

ಆ್ಯಂಗಲನ್ನು ಪ್ಲೇಟಿಗೆ ಬೆಸೆಯುವುದು ಲೆವೆಲ್ ಹಿಡಿಯುವ ಮೊದಲು. ಒಂದೇ ಬದಿಯಲ್ಲಿ ಉದ್ದಕ್ಕೆ ಬೆಸೆಯುತ್ತಾ ಹೋದರೆ ಹಳಿ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬಿಸಿಯಾದ ಬದಿ ತಣಿಯುವಾಗ ಕುಗ್ಗುತ್ತದೆ, ಅದಕ್ಕೆ. ಪ್ಲೇಟಿಗೊಂದು 3 ಸೆಂ.ಮೀ. ಬೆಸುಗೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಂದು ಪ್ಲೇಟ್ ಬಿಟ್ಟು ಇನ್ನೊಂದಕ್ಕೆ.

ಎರಡು ಉದ್ದ ಸೇರುವಲ್ಲಿ ನೇರ ಕತ್ತರಿಸಬೇಡಿ. ಮೇಲಿಂದ ನೋಡಿದರೆ 45 ಡಿಗ್ರಿ ಓರೆ ಇರಲಿ. ಆಗ ಚಕ್ರ ಒಂದು ಹಳಿಯಿಂದ ಪೂರ್ತಿ ಇಳಿಯುವ ಮೊದಲೇ ಇನ್ನೊಂದನ್ನು ಹತ್ತಿರುತ್ತದೆ, ಟಕ್ ಎಂಬ ಹೊಡೆತ ಇರುವುದಿಲ್ಲ. ನಡುವೆ 3 ಮಿ.ಮೀ. ಸಂದಿ ಬಿಡಿ. 6 ಮೀಟರ್ ಕಬ್ಬಿಣ 40 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಡಿಸೆಂಬರಿನ ಬೆಳಗಿನ ಚಳಿಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಹಳಿಯಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ. ತುದಿಯನ್ನು ಗೋಡೆಗೆ ಒತ್ತಿ ಸಿಮೆಂಟು ಹಾಕಬೇಡಿ, ಹಳಿ ಪಕ್ಕಕ್ಕೆ ಡೊಂಕಾಗುತ್ತದೆ. ಎರಡೂ ಹಳಿಯ ಸಂದಿ ಎದುರುಬದುರು ಬರದಿರಲಿ. ಟ್ರಾಲಿ ದಿನಾ ನಿಲ್ಲುವಾಗ ಚಕ್ರದ ಅಡಿಗೂ ಸಂದಿ ಬರದಿರಲಿ.

ಬಣ್ಣ? ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಎನಾಮೆಲ್. ಚಕ್ರ ಓಡುವ ಜಾಗದ ಬಣ್ಣ ವಾರದಲ್ಲಿ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಓಡುವ ಜಾಗಕ್ಕೆ ತುಕ್ಕು ಹಿಡಿಯುವುದು ಕಡಿಮೆ.

8. ಟ್ರಾಲಿಯ ಕಡೆಗೆ

ಹಳಿ ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷದಲ್ಲಿ ಅಲ್ಲಲ್ಲಿ ಒಂದೆರಡು ಮಿ.ಮೀ. ಇಳಿದೇ ಇಳಿಯುತ್ತದೆ. ಅದಕ್ಕೆ ಮದ್ದು ಟ್ರ್ಯಾಕ್ಟರಿನಲ್ಲಿದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನಲ್ಲಿ ಒಂದು ಪಿನ್ನಿನ ಮೇಲೆ ತೂಗುತ್ತದೆ. ಗದ್ದೆಯ ಬದು ಹತ್ತಿದಾಗ ಒಂದು ಚಕ್ರ ಮೇಲೆ, ಒಂದು ಕೆಳಗೆ, ಆದರೆ ನಾಲ್ಕೂ ನೆಲ ಮುಟ್ಟಿರುತ್ತವೆ. ನಿಮ್ಮ ಟ್ರಾಲಿಯ ಮುಂದಿನ ಅಚ್ಚನ್ನೂ ಹಾಗೇ ನಡುವಿನ ಪಿನ್ನಿಗೆ ತೂಗಿಸಿ. ತೂಗಾಟಕ್ಕೆ ಆಚೀಚೆ 10 ಮಿ.ಮೀ. ಸಾಕು, ಜಾಸ್ತಿ ಹೋಗದಂತೆ ತಡೆ ಹಾಕಿ. ವೆಲ್ಡರ್ ಇದನ್ನು ಕಷ್ಟ ಎನ್ನಬಹುದು. ಹಾಗಾದರೆ ಫ್ರೇಮಿಗೆ ಮೂಲೆಯಿಂದ ಮೂಲೆಗೆ ಅಡ್ಡ ಕೊಡಬೇಡಿ ಎನ್ನಿ, ಆಗ ಫ್ರೇಮ್ ತಾನೇ ಸ್ವಲ್ಪ ತಿರುಚಲು ಒಪ್ಪುತ್ತದೆ.

ಚಕ್ರ 4 ಇಂಚಿಗಿಂತ ಸಣ್ಣದು ಬೇಡ. ಬೇರಿಂಗ್ ಕೊಳ್ಳುವಾಗ ನಂಬರಿನ ಕೊನೆಯ ಅಕ್ಷರ ನೋಡಿ. 6204 ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ, ನೀರು ಒಳಗೆ ಹೋಗುತ್ತದೆ. 6204 2ಆರ್‌ಎಸ್ ಎಂದಿದ್ದರೆ ಎರಡೂ ಬದಿ ರಬ್ಬರ್ ಸೀಲ್. ನಮಗೆ ಬೇಕಾದದ್ದು ಅದು. ನೈಲಾನ್ ಚಕ್ರ ಸದ್ದು ಮಾಡುವುದಿಲ್ಲ ನಿಜ, ಆದರೆ ಭಾರ ಹೊತ್ತು ಬಿಸಿಲಲ್ಲಿ ದಿನಗಟ್ಟಲೆ ನಿಂತರೆ ಅಡಿ ಚಪ್ಪಟೆಯಾಗುತ್ತದೆ.

ಹಳಿಗೆ ಗ್ರೀಸ್ ಹಚ್ಚಬೇಡಿ. ಧೂಳು, ಮರಳು ಅಂಟಿ ಸಾಣೆ ಹಿಡಿದ ಹಾಗೆ ಚಕ್ರ ಸವೆಯುತ್ತದೆ. ಅಡಿಕೆಗೆ ತಾಗಿದರೆ ಕಲೆ ಬೇರೆ.

9. ತಡೆ ಮತ್ತು ಬೀಗ

ಎರಡು ತುದಿಗೂ ತಡೆ ಇರಲಿ, ಎರಡೂ ಹಳಿಯಲ್ಲಿ, ಒಂದೇ ದೂರದಲ್ಲಿ. ಒಂದೇ ಬದಿಗೆ ತಡೆ ಹಾಕಿದರೆ ಟ್ರಾಲಿ ಗುದ್ದಿ ಓರೆಯಾಗಿ ಹಳಿ ಬಿಡುತ್ತದೆ. ಹಳೆಯ ಟಯರಿನ ತುಂಡು ತಡೆಗೆ ಕಟ್ಟಿ. ಮಳೆಗೆ ಮೊದಲು ಬೀಸುವ ಗಾಳಿಗೆ ಖಾಲಿ ಟ್ರಾಲಿ ತಾನೇ ಹೊರಡುತ್ತದೆ. ಮಟ್ಟದ ಹಳಿಯಲ್ಲಿ ಅದಕ್ಕೆ ತಳ್ಳುವವರು ಬೇಡ. ನಿಲ್ಲಿಸಿದ ಕಡೆಯಲ್ಲೆಲ್ಲ ಒಂದು ಪಿನ್ ಅಥವಾ ಚೈನು ಹಾಕುವ ಅಭ್ಯಾಸ ಮಾಡಿಕೊಳ್ಳಿ. ಹಳಿಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ, ಟ್ರಾಲಿ ಮೇಲೆ ಕೂರಿಸಿ ತಳ್ಳುವ ಆಟವಂತೂ ಬೇಡವೇ ಬೇಡ. ತೋಡಿನ ಚಕ್ರಕ್ಕೆ ಬೆರಳು ಸಿಕ್ಕರೆ ಉಳಿಯುವುದಿಲ್ಲ.

10. ಅಡಿಕೆ ಹರಡುವ ಮೊದಲು ಪರೀಕ್ಷೆ

ಸಂದಿ ತುಂಬಿಸಿ ಎರಡು ವಾರ ಆಗಲಿ. ಖಾಲಿ ಟ್ರಾಲಿ ಓಡಿತೆಂದು ವೆಲ್ಡರನ್ನು ಕಳುಹಿಸಬೇಡಿ. 50 ಕೆಜಿಯ ಹನ್ನೆರಡು ಸಿಮೆಂಟು ಚೀಲ ಹೇರಿ. ಟ್ರಾಲಿಯದ್ದೂ ಸೇರಿ 800 ಕೆಜಿ ಆಯಿತು. ಈಗ ಮೀನು, ಅಡಿಕೆ ತೂಗುವ ಕೊಕ್ಕೆ ತಕ್ಕಡಿಯನ್ನು ಟ್ರಾಲಿಗೆ ಸಿಕ್ಕಿಸಿ, ಅದನ್ನು ಹಿಡಿದು ಟ್ರಾಲಿಯನ್ನು ನಿಧಾನ ಎಳೆಯಿರಿ. ಒಂದೊಂದು ಮೀಟರಿಗೂ ತೋರಿಸುವ ಸಂಖ್ಯೆಯನ್ನು ಚಾಕಿನಲ್ಲಿ ನೆಲದ ಮೇಲೆ ಬರೆಯಿರಿ. ಹೊರಡುವಾಗ ಜಾಸ್ತಿ ತೋರಿಸುತ್ತದೆ, ಅದನ್ನು ಬಿಡಿ. ಓಡುತ್ತಿರುವಾಗ ಎಷ್ಟು ಎಂಬುದಕ್ಕಿಂತ ಒಂದೇ ಸಮ ಇದೆಯೇ ಎಂದು ನೋಡಿ. 15, 16, 15 ಎಂದು ಹೋಗುತ್ತಿದ್ದದ್ದು ಏಳನೇ ಮೀಟರಿನಲ್ಲಿ 28 ಆದರೆ ತೊಂದರೆ ಆ ಏಳನೇ ಮೀಟರಿನಲ್ಲೇ ಇದೆ. ಗೇಜ್ ಕೋಲು ತಂದು ಅಲ್ಲಿ ಇಡಿ. ಇಡೀ ದಾರಿ ಒಂದೇ ಸಮ 30 ತೋರಿಸಿದರೆ ಮಾತ್ರ ಚಕ್ರವನ್ನು ದೂರಿ. ಚಕ್ರಗಳು ಒಂದೇ ಗೆರೆಯಲ್ಲಿ ಇಲ್ಲ, ಅಥವಾ ಬೇರಿಂಗ್ ಬಿಗಿಯಾಗಿದೆ.

11. ಮಳೆಗಾಲಕ್ಕೆ ಮೊದಲು

ಮೇ ಕೊನೆಗೆ ಟ್ರಾಲಿಯನ್ನು ಮಾಡಿನೊಳಗೆ ತಳ್ಳಿ ಹಾಗೇ ಬಿಟ್ಟರೆ ನಾಲ್ಕು ತಿಂಗಳು ಚಕ್ರ ಒಂದೇ ಜಾಗದಲ್ಲಿ ನಿಂತು, ತಾಗಿದ ಕಡೆ ತುಕ್ಕು ಹಳಿಗೂ ಚಕ್ರಕ್ಕೂ ಗುಳಿ ಕೊರೆಯುತ್ತದೆ. ಮುಂದಿನ ವರ್ಷ ಟ್ರಾಲಿ ಚಕ್ರ ಸುತ್ತಿದಾಗಲೆಲ್ಲ ಒಮ್ಮೆ ಕುಲುಕುತ್ತದೆ. ಜ್ಯಾಕ್ ಕೊಟ್ಟು ಎತ್ತಿ ನಾಲ್ಕು ಮೂಲೆಗೂ ಮರದ ತುಂಡು ಇಡಿ, ಚಕ್ರ ಗಾಳಿಯಲ್ಲಿರಲಿ. ಹಳಿಯ ಓಟದ ಮೈಗೆ ಬಟ್ಟೆಯಲ್ಲಿ ತೆಳ್ಳಗೆ ಹಳೆ ಎಂಜಿನ್ ಆಯಿಲ್ ಒರೆಸಿ. ಅಕ್ಟೋಬರಿನಲ್ಲಿ ಅದನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಪೂರ್ತಿ ಒರೆಸಿ ತೆಗೆದು, ಗೇಜ್ ಕೋಲು ಒಮ್ಮೆ ಉರುಳಿಸಿ, ಆಮೇಲೆಯೇ ಟ್ರಾಲಿ ಇಳಿಸಿ.